ಕೈ ಎತ್ತದ ಹುಡುಗಿಯ ರಿಕಾರ್ಡು

ಗುತ್ತೆವ್ವ ಓದಿ ಹೇಳುತ್ತಿದ್ದಳು, ಸೈದಾಬಿ ಬರೆದುಕೊಳ್ಳುತ್ತಿದ್ದಳು. ರಾಣೇಬೆನ್ನೂರಿನ ಬಿ.ಎಡ್. ಕಾಲೇಜಿನ ಹಿಂದಿನ ಕೋಣೆಯಲ್ಲಿ ಆ ಮಧ್ಯಾಹ್ನ ಇಪ್ಪತ್ತು ಮಂದಿ ಹೀಗೇ ಜೋಡಿ ಜೋಡಿಯಾಗಿ ಕುಳಿತಿದ್ದರು. ಮನಶ್ಶಾಸ್ತ್ರದ ರಿಕಾರ್ಡಿಗೆ ಐವತ್ತು ಅಂಕ. ಶಾಲೆಗೆ ಹೋಗಿ ಒಂದು ಮಗುವನ್ನು ಮೂರು ವಾರ ಗಮನಿಸಬೇಕು. ಅದರ ಸಮಸ್ಯೆ ಏನು, ಕಾರಣ ಏನು, ತಾನು ಮಾಡಿದ ಪರಿಹಾರ ಏನು, ಫಲಿತಾಂಶ ಏನು ಎಂದು ಒಂದೊಂದು ಶೀರ್ಷಿಕೆಯ ಕೆಳಗೆ ಬರೆಯಬೇಕು. ಆದರೆ ಯಾರೂ ಯಾವ ಮಗುವನ್ನೂ ಗಮನಿಸುತ್ತಿರಲಿಲ್ಲ. ಕಾಲೇಜಿನ ಜವಾನ ಜಟ್ಟೆಪ್ಪನ ಹತ್ತಿರ ಒಂದು ತಗಡಿನ ಟ್ರಂಕಿತ್ತು. ಅದರ ತುಂಬ ಹಳೆಯ ರಿಕಾರ್ಡುಗಳು. ಅವನಿಗೊಂದು ಚಹಾ ಕುಡಿಸಿದರೆ ಒಂದು ಮಗು ಸಿಗುತ್ತಿತ್ತು. ಹೆಸರು ಬದಲಿಸಿ, ಊರು ಬದಲಿಸಿ, ಉಳಿದದ್ದನ್ನು ಹಾಗೇ ಇಳಿಸಿಕೊಂಡರೆ ಆಯಿತು.

"ಹುಡುಗಿಯು ಸದಾ ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ಕುಳಿತಿರುವಳು," ಗುತ್ತೆವ್ವ ರಾಗವಾಗಿ ಓದಿದಳು. "ಉತ್ತರ ತಿಳಿದಿದ್ದರೂ ಕೈ ಎತ್ತಲಾರಳು. ಇದು ಅವಳ ಕೀಳರಿಮೆಯನ್ನು ತೋರಿಸುತ್ತದೆ. ಬರದೇನ?"

"ಹೂಂ, ಬರದೆ."

"ಮುಂದೆ ಏನಾಗುವೆ ಎಂದು ಕೇಳಲಾಗಿ, ಬಸ್ ಕಂಡಕ್ಟರ್ ಆಗುವೆನೆಂದು ಉತ್ತರಿಸಿದಳು. ಯವ್ವಾ! ಹೆಣ್ಣ ಹುಡುಗಿ ಕಂಡಕ್ಟರ್ ಅಂತ! ಎಂಥಾಕಿ ಇದ್ದಾಳಲೇ ಇಕಿ!"

ಸೈದಾಬಿಯ ಪೆನ್ನು ನಿಂತಿತು.

"ಯಾಕ, ಶಾಯಿ ಮುಗೀತೇನ?"

ಶಾಯಿ ಮುಗಿದಿರಲಿಲ್ಲ. ಎಂಟನೇ ಇಯತ್ತೆಯಲ್ಲಿದ್ದಾಗ, ಬ್ಯಾಡಗಿಯ ಶಾಲೆಯ ಬೇವಿನ ಗಿಡದ ಕೆಳಗೆ, ಅಭ್ಯಾಸ ಪಾಠಕ್ಕೆಂದು ಬಂದಿದ್ದ ತೆಳ್ಳಗಿನ ಮಾಸ್ತರರೊಬ್ಬರು ಕೇಳಿದ್ದರು, ಮುಂದೆ ಏನಾಗುತ್ತೀ ಎಂದು. ಕಂಡಕ್ಟರ್ ಆಗುತ್ತೇನೆ ಅಂದಿದ್ದಳು. ಕಂಡಕ್ಟರನಿಗೆ ಎಂಥ ಗದ್ದಲದಲ್ಲೂ ಜನ ಸರಿದು ದಾರಿ ಬಿಡುತ್ತಾರೆ, ಅದಕ್ಕೆ. ಆ ಮಾತನ್ನು ಅವಳು ಅದಕ್ಕೆ ಮುಂಚೆಯಾಗಲಿ ಆಮೇಲಾಗಲಿ ಯಾರಿಗೂ ಹೇಳಿರಲಿಲ್ಲ. ತಾಯಿಗೂ ಹೇಳಿರಲಿಲ್ಲ. ಈಗ ಹತ್ತು ಬಾಯಿಗಳು ಅದನ್ನು ಓದುತ್ತಿದ್ದವು, ಹತ್ತು ಪೆನ್ನುಗಳು ಬರೆಯುತ್ತಿದ್ದವು. ಪಕ್ಕದ ಬೆಂಚಿನಲ್ಲಿ ಹಾವೇರಿಯ ಅಬ್ದುಲರಜಾಕ ಅದೇ ಹುಡುಗಿಗೆ ಸರೋಜಿನಿ ಎಂದು ಹೆಸರಿಟ್ಟು, ಹುಟ್ಟೂರು ಕರ್ಜಗಿ ಎಂದು ಬರೆದು, ಬಿಸ್ಕೀಟು ತಿನ್ನುತ್ತಿದ್ದ. ಹಾಳೆಯ ಮೇಲೆ ಉದುರಿದ ಬಿಸ್ಕೀಟಿನ ಪುಡಿಯನ್ನು ಬೆರಳಿನಿಂದ ಒತ್ತಿ ತೆಗೆದು ಬಾಯಿಗೆ ಹಾಕಿಕೊಂಡ.

ಸೈದಾಬಿ ಎದ್ದು ಹೊರಗೆ ಹೋದಳು.

ಜಟ್ಟೆಪ್ಪ ಗಂಟೆಯ ಕೆಳಗೆ ಕುಳಿತು ಕಾಲಿನ ಬೆರಳಿನ ಸಂದಿ ಕೆರೆದುಕೊಳ್ಳುತ್ತಿದ್ದ.

"ಜಟ್ಟೆಪ್ಪಾ, ಆ ಕೈ ಎತ್ತದ ಹುಡುಗಿ ರಿಕಾರ್ಡು ಮೊದಲಿಗೆ ಬರದಾವ್ರು ಯಾರು?"

"ಅದಾ? ಅದು ಭಾರೀ ಮಾಲು ತಂಗಿ. ನಮ್ಮ ರಘೋತ್ತಮ ಸರ್ ಬರದದ್ದು. ಎಂಬತ್ನಾಕನೇ ಇಸ್ವಿ, ಅವರು ಇಲ್ಲೇ ಕಲಿಯಾಕ ಇದ್ರು. ಐವತ್ತಕ್ಕ ನಾಲ್ವತ್ತಾರು ತಗೊಂಡಾರ! ಒಂದು ವರ್ಷನೂ ಫೇಲ್ ಹೋಗಿಲ್ಲ ಆ ಹುಡುಗಿ. ಆಕಿ ಮ್ಯಾಲ ಎಷ್ಟು ಮಂದಿ ಮಾಸ್ತರಾಗ್ಯಾರ ಅಂತೀ!"

"ಮೂಲ ಪ್ರತಿ ಐತೇನು?"

"ಐತಿ. ಆದ್ರ ಅದನ್ನ ಹೊರಗ ಒಯ್ಯಾಕ ಕೊಡಾಂಗಿಲ್ಲ. ಇಲ್ಲೇ ಕುಂತು ನೋಡು."

ರಘೋತ್ತಮ ಸರ್! ಕಾಲೇಜು ಸೇರಿದ ಮೊದಲ ದಿನವೇ ಸೈದಾಬಿ ಅವರ ಗುರುತು ಹಿಡಿದಿದ್ದಳು. ಮೈ ತುಂಬಿಕೊಂಡಿದ್ದರು, ಹಣೆ ಮೇಲಕ್ಕೇರಿತ್ತು, ಬಾಯಲ್ಲಿ ಸದಾ ಎಲೆ ಅಡಿಕೆ, ಆದರೂ ಅವರೇ. ಅವರಿಗೆ ಇವಳ ಗುರುತು ಸಿಕ್ಕಿರಲಿಲ್ಲ; ಹಾಜರಿಯನ್ನೂ ಅವರು ನಂಬರಿನಿಂದಲೇ ಕರೆಯುತ್ತಿದ್ದರು. ನಾನೇ ಆ ಹುಡುಗಿ ಸರ್, ನಿಮ್ಮಿಂದ ಇಲ್ಲಿಗೆ ಬಂದೆ ಎಂದು ಒಂದು ದಿನ ಹೇಳಬೇಕು ಎಂದು ಎಂಟು ತಿಂಗಳಿಂದ ಆ ಮಾತನ್ನು ಒಳಗೇ ಬಚ್ಚಿಟ್ಟುಕೊಂಡಿದ್ದಳು. ಅವಳ ಬಾಳಿನಲ್ಲಿ ಎದುರಿಗೆ ಕುಳಿತು, ನಿನಗೇನು ಬೇಕು ಎಂದು ಕೇಳಿದ ಮೊದಲ ಮನುಷ್ಯ ಅವರು. ಮಾಸ್ತರಿಕೆಯ ಆಸೆ ಹುಟ್ಟಿದ್ದೂ ಅಲ್ಲಿಂದಲೇ.

ಮನಶ್ಶಾಸ್ತ್ರದ ತರಗತಿಯಲ್ಲಿ ಅವರು ಬೋರ್ಡಿನ ಮೇಲೆ ತ್ರಿಕೋನ ಬರೆಯುತ್ತಿದ್ದರು. ಒಂದು ಮೂಲೆಗೆ ವ್ಯಕ್ತಿ, ಒಂದಕ್ಕೆ ವರ್ತನೆ, ಇನ್ನೊಂದಕ್ಕೆ ಪರಿಸರ. ಮೂರರ ನಡುವೆ ಹೋಗುವ ಬರುವ ಬಾಣಗಳು. ಮನುಷ್ಯ ಇನ್ನೊಬ್ಬರನ್ನು ನೋಡಿ ಕಲಿಯುತ್ತಾನೆ, ತನ್ನ ಕೈಲಿ ಆಗುತ್ತದೆಂದು ನಂಬಿದವನು ಅರ್ಧ ಗೆದ್ದ ಹಾಗೆ ಎನ್ನುತ್ತಿದ್ದರು. ಮಾನವತಾವಾದಿಗಳ ಪಾಠ ಬಂದಾಗ ಅವರ ದನಿ ತಾನಾಗಿ ಇಳಿಯುತ್ತಿತ್ತು. "ಮಗು ಹ್ಯಾಂಗದನೋ ಹಾಂಗ ಒಪ್ಪಿಕೋಬೇಕು. ಕರಾರು ಹಾಕಬಾರದು. ಕರಾರಿಲ್ಲದ ಒಪ್ಪಿಗೆ! ಅಷ್ಟು ಕೊಟ್ರ ಸಾಕು, ಒಳಗಿಂದು ತಾನ ಅರಳತದ." ಸೈದಾಬಿ ಆ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದಳು.

ಈಗ ಮೂಲ ಪ್ರತಿ ಅವಳ ತೊಡೆಯ ಮೇಲಿತ್ತು. ದುಂಡಗಿನ ಅಕ್ಷರ. ಕು. ಸೈದಾಬಿ ದಾದಾಸಾಬ, ವಯಸ್ಸು ಹದಿಮೂರು, ಬ್ಯಾಡಗಿ. ಸಮಸ್ಯೆಯ ಸ್ವರೂಪ: ಹಿಂಜರಿಕೆ, ಕೀಳರಿಮೆ. ಕಾರಣಗಳು: ತಂದೆ ಇಲ್ಲ. ತಾಯಿ ಅನಕ್ಷರಸ್ಥೆ, ಮಗಳ ಬಗ್ಗೆ ತೀರ ನಿರ್ಲಕ್ಷ್ಯ. ಮನೆಯಲ್ಲಿ ಪ್ರೀತಿಯ ಅಭಾವ. ಪರಿಹಾರ: ಕರಾರಿಲ್ಲದ ಒಪ್ಪಿಗೆ ನೀಡಿ, ಆತ್ಮವಿಶ್ವಾಸ ತುಂಬಲಾಯಿತು. ಫಲಿತಾಂಶ: ಮೂರನೆಯ ವಾರದಲ್ಲಿ ಹುಡುಗಿಯು ಹನ್ನೊಂದು ಬಾರಿ ಕೈ ಎತ್ತಿದಳು. ಕಂಡಕ್ಟರ್ ಆಗುವ ಅಸಂಗತ ಕಲ್ಪನೆಯನ್ನು ಬಿಟ್ಟು, ಶಿಕ್ಷಕಿಯಾಗುವೆನೆಂದು ಹೇಳತೊಡಗಿದಳು.

ತಾಯಿಯ ಹೆಸರಿನ ಮುಂದೆ ಬರೆದ 'ನಿರ್ಲಕ್ಷ್ಯ' ಎಂಬ ಪದದ ಕೆಳಗೆ ಪರೀಕ್ಷಕರು ಕೆಂಪು ಶಾಯಿಯಲ್ಲಿ 'ಉತ್ತಮ ವೀಕ್ಷಣೆ' ಎಂದು ಬರೆದಿದ್ದರು.

ಆ ಶನಿವಾರ ಅವಳು ಬ್ಯಾಡಗಿಗೆ ಹೋದಳು. ಮೆಣಸಿನಕಾಯಿಯ ಸುಗ್ಗಿ. ಬಸ್ಸು ಊರೊಳಗೆ ಬರುವ ಮುಂಚೆಯೇ ಪ್ರಯಾಣಿಕರು ಕೆಮ್ಮತೊಡಗಿದ್ದರು. ತಾಯಿ ಮೈಮುನಾಬಿ ಗೋದಾಮಿನ ಅಂಗಳದಲ್ಲಿ ಹತ್ತಾರು ಹೆಂಗಸರ ನಡುವೆ ಕುಳಿತು ಕಾಯಿಯ ತೊಟ್ಟು ಮುರಿಯುತ್ತಿದ್ದಳು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ದೂರದವರು ಹೇಳುತ್ತಾರೆ. ನಾಲಗೆಗೆ ಕಡಿಮೆ ಇರಬಹುದು. ದಿನಕ್ಕೆ ಎಂಟು ತಾಸು ತೊಟ್ಟು ಮುರಿದ ಉಗುರಿನ ಸಂದಿಗೆ ಕಡಿಮೆಯಲ್ಲ. ಶಾಲೆಯ ವರ್ಷಗಳಲ್ಲಿ ಸೈದಾಬಿ ದಿನಾ ಬೆಳಗ್ಗೆ ಇದೇ ಅಂಗಳದಲ್ಲಿ ಎರಡು ತಾಸು ತೊಟ್ಟು ಮುರಿದು, ಗಂಟೆ ಹೊಡೆದ ಮೇಲೆ ಓಡುತ್ತ ಶಾಲೆ ಸೇರುತ್ತಿದ್ದಳು.

"ಅಮ್ಮಾ, ನಾ ಸಾಲ್ಯಾಗ ಕೈ ಕಂಕುಳಾಗ ಇಟಗೊಂಡು ಕುಂದರತಿದ್ದೆ, ನೆನಪೈತೇನು?"

"ನಾನ ಹೇಳಿದ್ದೆ. ಕೈ ಹೊರಗಿದ್ರ ಮರತು ಕಣ್ಣಿಗೆ ಹಚ್ಚಿಗೊಂತಿದ್ದಿ. ಒಮ್ಮೆ ಎರಡು ದಿನ ಕಣ್ಣ ತೆರೀಲಿಲ್ಲ ನೀ. ಶೇಂಗಾ ಎಣ್ಣಿ ಸವರಿ, ಕಂಕುಳಾಗ ಇಟ್ಕೊ, ತಗೀಬ್ಯಾಡ ಅಂತ ದಿನಾ ಆಣಿ ಮಾಡಿಸಿ ಕಳಸತಿದ್ದೆ. ಯಾಕ ಈಗ?"

"ಮತ್ತ ಒಂದಿಷ್ಟು ದಿನ ಇಡೋದು ಬಿಟ್ಟಿದ್ದೆ."

"ಹಮಾಲರು ಕೆಲಸ ನಿಲ್ಲಿಸಿದ್ದರಲ್ಲ, ಅವಾಗ. ಹದಿನೇಳು ದಿನ ಪ್ಯಾಟಿಗೆ ಒಂದು ಚೀಲ ಬರಲಿಲ್ಲ. ಕಾಯಿ ಇಲ್ಲ, ಉರಿ ಇಲ್ಲ." ಮೈಮುನಾಬಿ ನಕ್ಕಳು, ನಗು ಕೆಮ್ಮಾಯಿತು. "ಒಲಿ ಸುದ್ದಿನೂ ಇಲ್ಲ. ನಾ ಮೋಟೆಬೆನ್ನೂರಿಗೆ ನಡಕೋಂತ ಹೋಗಿ ಜ್ವಾಳ ಕೊಯ್ದು ಬರತಿದ್ದೆ. ನೀ ನುಚ್ಚಿನ ಗಂಜಿ ಕುಡುದು ಸಾಲಿಗೆ ಹೋಗತಿದ್ದಿ. ಮಾಸ್ತರ ಶಾಭಾಸ್ ಅಂದ್ರು ಅಂತ ಹಾರ್‍ಯಾಡಕೋಂತ ಬರತಿದ್ದಿ."

"ಆ ಮಾಸ್ತರ ನಿನ್ನ ಹತ್ರ ಬಂದು ಏನರ ಕೇಳಿದ್ದರೇನು?"

"ಯಾ ಮಾಸ್ತರ? ನಮ್ಮನಿ ಬಾಗಲಿಗೆ ಯಾ ಮಾಸ್ತರ ಬಂದಾನವ್ವಾ?"

ಸೈದಾಬಿ ಅಲ್ಲೇ ಚೀಲದ ಮೇಲೆ ಕುಳಿತಳು. ಅಂದರೆ ಅವಳ ಕೈ ಎತ್ತಿಸಿದ್ದು ಉಪವಾಸ. ಎಂಟು ವರ್ಷದಿಂದ ಹುಡುಗ ಹುಡುಗಿಯರು ಸಾಲಾಗಿ ಕುಳಿತು ನಕಲು ಮಾಡುತ್ತ ಬಂದದ್ದು ಅದನ್ನು. ಅವಳಿಗೆ ಇನ್ನೊಂದು ಯೋಚನೆ ಬಂತು. ಮಾಸ್ತರಾಗಬೇಕೆಂಬ ಆಸೆಯಾದರೂ ತನ್ನದೇ? ಅಥವಾ ಯಾರದೋ ರಿಕಾರ್ಡಿನ ಕೊನೆಯ ಸಾಲನ್ನು ಭರ್ತಿ ಮಾಡಲು ಬಂದದ್ದೇ?

ಮರುದಿನವೆಲ್ಲ ಕುಳಿತು ಅವಳು ತನ್ನ ರಿಕಾರ್ಡು ಬರೆದಳು. ಮಗುವಿನ ಹೆಸರು: ಸೈದಾಬಿ. ಕಾಯಿಯ ಅಂಗಳ, ಶೇಂಗಾ ಎಣ್ಣೆ, ತಾಯಿ ಮಾಡಿಸಿದ ಆಣೆ, ಹಮಾಲರು ಕೆಲಸ ನಿಲ್ಲಿಸಿದ ಹದಿನೇಳು ದಿನ, ಗಂಜಿ, ಕೆಲಸ ಶುರುವಾದ ಮೇಲೆ ಮತ್ತೆ ಕಂಕುಳು ಸೇರಿದ ಕೈ, ಎಲ್ಲವನ್ನೂ ಬರೆದಳು. ಹಳೆಯ ರಿಕಾರ್ಡಿನಲ್ಲಿ ತಾಯಿಯ ನಿರ್ಲಕ್ಷ್ಯ ಎಂದಿದ್ದ ಶೀರ್ಷಿಕೆಯ ಕೆಳಗೆ, ಇದು ತಪ್ಪು, ತಿದ್ದಬೇಕು ಎಂದು ಬರೆದಳು. ಈ ಐವತ್ತು ಅಂಕದಿಂದಲೇ ಫಸ್ಟ್ ಕ್ಲಾಸು. ಫಸ್ಟ್ ಕ್ಲಾಸಿದ್ದರೇ ನೌಕರಿಯ ಪಟ್ಟಿಯಲ್ಲಿ ಹೆಸರು. ನೌಕರಿ ಸಿಕ್ಕರೇ ತಾಯಿ ಆ ಅಂಗಳದಿಂದ ಎದ್ದು ಬರುವುದು. ಅವಳಿಗೆ ಅದು ಗೊತ್ತಿತ್ತು. ಆದರೂ ಸರ್ ಓದುತ್ತಾರೆ, ಓದಿ ನಾಚುತ್ತಾರೆ, ಒಂದು ಗೆರೆ ಹೊಡೆದು ಆ ಪದವನ್ನು ತೆಗೆಯುತ್ತಾರೆ ಎಂದು ನಂಬಿದ್ದಳು.

ರಘೋತ್ತಮ ಸರ್ ಓದಿದರು. ನಾಚಲಿಲ್ಲ. ಅತ್ತರು.

ಸ್ಟಾಫ್ ರೂಮಿಗೆ ಕರೆಸಿ, ಬಾಗಿಲು ಹಾಕದೆ, ಎಲ್ಲರೂ ಕಾಣುವ ಹಾಗೆ ಅತ್ತರು. ಕರವಸ್ತ್ರದಲ್ಲಿ ಮೂಗು ಸೀಟಿ, ಆ ಕರವಸ್ತ್ರವನ್ನು ಬಿಚ್ಚಿ ನೋಡಿ, ಮತ್ತೆ ಮಡಿಚಿ ಇಟ್ಟುಕೊಂಡರು. ತುಟಿಯ ಕೊನೆಯಲ್ಲಿ ಎಲೆಯ ಕೆಂಪು ರಸ ಇಣುಕುತ್ತಿತ್ತು.

"ನೀ ನನ್ನ ಹುಡುಗಿ! ನನ್ನ ಸೈದಾಬಿ! ಒಂದು ಮಾತು ಹೇಳಬಾರದಿತ್ತೇನವಾ ನೀ? ನೋಡ್ರಿ, ನೋಡ್ರಿ ಇಲ್ಲೆ," ಎಂದು ಅತ್ತಿತ್ತ ಕುಳಿತಿದ್ದವರನ್ನು ಕರೆದರು, "ಒಂಬತ್ತು ವರ್ಷದ ಹಿಂದ ನಾ ಹಚ್ಚಿದ ಸಸಿ!" ಮೇಜಿನ ಮೇಲಿದ್ದ ಅವಳ ಕೈಯನ್ನು ಎತ್ತಿಕೊಂಡು, ಮಗುಚಿ, ಅಂಗೈ ನೋಡಿದರು. ಅವರ ಬೆರಳುಗಳು ಒದ್ದೆಯಾಗಿದ್ದವು. ಕಣ್ಣೀರೋ, ಮೂಗಿನದೋ, ಎಲೆಗೆ ಹಚ್ಚಿದ ಸುಣ್ಣವೋ ಅವಳಿಗೆ ತಿಳಿಯಲಿಲ್ಲ.

"ಸರ್, ಅದರಾಗ ನಮ್ಮ ತಾಯಿ ವಿಷಯ ಬರದೇನಿ…"

"ಓದಿದೆ, ಓದಿದೆ. ಆಮ್ಯಾಲ ನೋಡೋಣ." ಕೆಂಪು ಪೆನ್ನು ತೆಗೆದು, ಅವಳ ಕಣ್ಣೆದುರೇ ಹಾಳೆ ತಿರುವುತ್ತ ಹೋದರು. ಅಂಗಳಕ್ಕೆ ಒಂದು ಗೆರೆ. ಎಣ್ಣೆಗೆ ಒಂದು. ಹಮಾಲರ ಹದಿನೇಳು ದಿನಕ್ಕೆ ಮೂಲೆಯಿಂದ ಮೂಲೆಗೆ ಒಂದು. "ಇದು ವಿಷಯಾಂತರ ಆಗ್ತದ. ನಮಗ ಬೇಕಾದದ್ದು ವ್ಯಕ್ತಿತ್ವ, ಪ್ಯಾಟಿ ಸುದ್ದಿ ಅಲ್ಲ. ಬರೋ ಗುರುವಾರ ಹಾವೇರಿಯೊಳಗ ಶಿಕ್ಷಕರ ಕಾರ್ಯಾಗಾರ ಅದ. ನಾ ಪ್ರಬಂಧ ಓದ್ಲಿಕತ್ತೀನಿ, ನನ್ನ ಪಿಎಚ್.ಡಿ.ಗೂ ಅದ ಮೂಲ. ನೀ ಬಂದು ವೇದಿಕಿ ಮ್ಯಾಲ ನಿಂತು, ಸರ್ ಒಪ್ಪಿಕೊಂಡಿದ್ದಕ್ಕ ನಾ ಅರಳಿದೆ ಅಂತ ನಾಕು ಮಾತು ಹೇಳು. ಐವತ್ತಕ್ಕ ನಲವತ್ತೆಂಟು ಹಾಕ್ತೀನಿ. ಈ ಕಾಲೇಜಿನೊಳಗ ಇಲ್ಲೀತನಕ ಯಾರಿಗೂ ಹಾಕಿಲ್ಲ."

ಸೈದಾಬಿ ಹೊರಬಂದು, ನಳದ ಕೆಳಗೆ ಕೈ ಹಿಡಿದು ನಿಂತಳು. ತೊಳೆದಳು. ಮೂಸಿ ನೋಡಿ ಮತ್ತೆ ತೊಳೆದಳು.

"ನಲವತ್ತೆಂಟು ಅಂದ್ರ ನೌಕರಿ ಬಂದಂಗ ಹುಚ್ಚಿ," ಎಂದಳು ಗುತ್ತೆವ್ವ. "ನಾಕು ಮಾತು ಹೇಳಿ ಬಾ. ನಿನ್ನ ಗಂಟೇನು ಹೋತು?"

"ಅವ್ವನ್ನ ಬಿಟ್ಟುಕೊಟ್ಟಂಗಾತು."

"ಅಲ್ಲಿ ಯಾರು ಬಂದು ನಿಮ್ಮವ್ವಗ ಓದಿ ಹೇಳತಾರಲೇ?"

ಅದು ಖರೇ. ಯಾರೂ ಓದಿ ಹೇಳುವುದಿಲ್ಲ. ಮೂರು ದಿನ ಸೈದಾಬಿಗೆ ಅನ್ನ ಸೇರಲಿಲ್ಲ. ಸರ್ ಹೇಳಿದ್ದು ಪೂರಾ ಸುಳ್ಳಾಗಿದ್ದರೆ ಸುಲಭವಿತ್ತು. ಆದರೆ ಅವರು ಶಾಭಾಸ್ ಅಂದದ್ದು ನಿಜ. ಅದನ್ನು ಕೇಳಿ ಅವಳು ಹಾರಾಡಿದ್ದೂ ನಿಜ. ಹಸಿದ ಹೊಟ್ಟೆಯಲ್ಲೂ ಹಾರಾಡಿದ್ದಳು. ಆ ಹುಡುಗಿಯ ಖುಷಿಯನ್ನು ನೆನೆದರೆ ಅವಳಿಗೆ ಈಗ ಆ ಹುಡುಗಿಯ ಮೇಲೂ ಹೇಸಿಕೆ ಬರುತ್ತಿತ್ತು.

ಗುರುವಾರ ಹಾವೇರಿಯ ಸಭಾಂಗಣದಲ್ಲಿ ನೂರಕ್ಕೂ ಹೆಚ್ಚು ಶಿಕ್ಷಕರಿದ್ದರು. ಉಪ್ಪಿಟ್ಟು, ಶಿರಾ ಆಗಿತ್ತು. ತೇಗಿನ ವಾಸನೆ, ಬೆವರಿದ ಸಫಾರಿಗಳ ವಾಸನೆ, ಬಾಡುತ್ತಿದ್ದ ಹಾರದ ವಾಸನೆ. ಮುಂದಿನ ಸಾಲಿನಲ್ಲಿ ಅಣ್ಣಾಜಿ ಮಾಸ್ತರರೆಂಬ ಹಿರಿಯರೊಬ್ಬರು ಹಲ್ಲಿನ ಸಂದಿಗೆ ಕಡ್ಡಿ ಹಾಕಿಕೊಂಡು ಕೇಳುತ್ತಿದ್ದರು. ರಘೋತ್ತಮ ಸರ್ ಪ್ರಬಂಧ ಓದಿದರು. ಕೈ ಎತ್ತದ ಹುಡುಗಿ ಬಂದಳು, ನಿರ್ಲಕ್ಷ್ಯದ ತಾಯಿ ಬಂದಳು, ಕರಾರಿಲ್ಲದ ಒಪ್ಪಿಗೆ ಬಂತು. ಆ ಪದ ಬಂದಾಗಲೆಲ್ಲ ಅವರು ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು.

"ಆ ಹುಡುಗಿ ಈಗ ಎಲ್ಲಿದ್ದಾಳೆ ಅಂತ ಕೇಳಬಹುದು ನೀವು. ಇಲ್ಲೇ ಇದ್ದಾಳೆ! ಬಾ, ಸೈದಾಬಿ."

ಚಪ್ಪಾಳೆ ಬಿತ್ತು. ಅವಳು ಹೋಗಿ ಮೈಕಿನ ಮುಂದೆ ನಿಂತಳು. ಪ್ರಬಂಧದ ಹಾಳೆಯಲ್ಲಿ ತಾಯಿಯ ಹೆಸರಿತ್ತು, ನಿಂತಲ್ಲಿಂದಲೇ ಕಾಣುತ್ತಿತ್ತು. ನಿಜ ಹೇಳಬೇಕೆಂದೇ ಅವಳು ಬಂದಿದ್ದಳು. ಆದರೆ ಎದುರಿನ ಮುಖಗಳನ್ನು, ಪಕ್ಕದಲ್ಲಿ ಆಗಲೇ ಕರವಸ್ತ್ರ ತೆಗೆದು ತಯಾರಾಗಿದ್ದ ಸರ್ ಅವರನ್ನು ನೋಡಿದಾಗ ಅವಳಿಗೆ ತಿಳಿಯಿತು: ಇವರಿಗೆ ನಿಜ ಕೊಟ್ಟರೆ ಅದನ್ನೂ ತಿನ್ನುತ್ತಾರೆ. ಗಂಜಿಯನ್ನೂ ತಿನ್ನುತ್ತಾರೆ, ಎಣ್ಣೆಯನ್ನೂ ತಿನ್ನುತ್ತಾರೆ, ಬಾಯಿ ಒರೆಸಿಕೊಂಡು ಚಪ್ಪಾಳೆ ಹೊಡೆಯುತ್ತಾರೆ.

"ನಾ ಆ ಹುಡುಗಿ ಅಲ್ಲರಿ," ಅಂದಳು.

ಮೈಕು ಕೊಂಯ್ ಎಂದಿತು.

"ನಮ್ಮ ಕಾಲೇಜಿನ್ಯಾಗ ಒಂದು ಟ್ರಂಕು ಐತ್ರಿ. ಅದರಾಗಿನ ಹಳೇ ರಿಕಾರ್ಡು ನೋಡಿ, ಮಾರ್ಕ್ಸಿನ ಆಸೆಕ್ಕ ನಾನ ಆಕಿ ಅಂತ ಸುಳ್ಳ ಬರದೆ. ಎಲ್ಲಾರೂ ಅದನ್ನ ಬರೀತಾರ್‍ರಿ. ಕೈ ಎತ್ತದಾಕಿ, ಕಂಡಕ್ಟರ್ ಆಗ್ತೀನಿ ಅಂದಾಕಿ. ಅಂಥಾ ಹುಡುಗಿ ಇಲ್ಲರಿ."

ಹಿಂದಿನ ಸಾಲಿನಿಂದ ಯಾರೋ ಕಿಸಕ್ಕನೆ ನಕ್ಕರು. "ಲೇ, ಆಕಿನ ನಾನೂ ಬರದೇನಿ! ಎಂಬತ್ತೊಂಬತ್ತರಾಗ!" ಎಂದ ಒಬ್ಬ. "ನನ್ನ ಹುಡುಗಿ ಹಲಗೇರಿಯಾಕಿ ಇದ್ಲು!" ಎಂದ ಮತ್ತೊಬ್ಬ. ನಗು ಸಾಲಿನಿಂದ ಸಾಲಿಗೆ ಹರಿಯಿತು. ಅಣ್ಣಾಜಿ ಮಾಸ್ತರರು ಬಾಯಿಂದ ಕಡ್ಡಿ ತೆಗೆದು, ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾರಿಗೂ ನಾಚಿಕೆಯಾಗಲಿಲ್ಲ. ಹಳೆಯ ಗೆಳತಿಯೊಬ್ಬಳ ಸುದ್ದಿ ಬಂದಂತೆ ಎಲ್ಲರಿಗೂ ಗೆಲುವಾಗಿತ್ತು.

ರಘೋತ್ತಮ ಸರ್ ಅವಳನ್ನು ಹೊರಗಿನ ಕಟ್ಟೆಯವರೆಗೆ ಬೆನ್ನಟ್ಟಿ ಬಂದರು. ಮುಖ ಬಿಳಿಚಿತ್ತು; ಉಗುಳು ಸಿಡಿಯುತ್ತಿತ್ತು.

"ಕೃತಘ್ನಿ! ಸುಳ್ಳಿ! ನನ್ನ ಮಾನ ಕಳದಿ. ಇನ್ನ ಒಂದು ಮಾರ್ಕು ಹಾಕೂದಿಲ್ಲ ನಿನಗ."

"ಹಾಕಬ್ಯಾಡ್ರಿ."

"ನಿನ್ನಂಥಾವ್ರನ್ನ ಎಷ್ಟು ಎತ್ತಿದರೂ ಅಷ್ಟ. ನೀ ಆಕಿ ಅಲ್ಲೇನು? ನನಗ ಸುಳ್ಳು ಹೇಳ್ತೀಯೇನು? ನಿಮ್ಮ ಗೋದಾಮಿನ ಎದುರಿನ ಮಾಳಿಗಿ ಮ್ಯಾಲ ನನ್ನ ಖೋಲಿ ಇತ್ತು. ದಿನಾ ಬೆಳಗಾದ್ರ ಹಲ್ಲುಜ್ಜಿಕೋತ ನೋಡ್ತಿದ್ದೆ ನಿನ್ನ. ನಿಮ್ಮವ್ವನ ಬಾಜೂಕ ಕುಂತು, ಮೂಗು ಸೋರಸಕೋತ, ಕಾಯಿ ಮುರೀತಿದ್ದಿ. ಅಲ್ಲೇ ಇರಬೇಕಾಗಿತ್ತು ನೀನು!"

ಅವಳ ರಿಕಾರ್ಡಿನಲ್ಲಿ ಆ ಮಾಳಿಗೆಯ ಮಾತಿರಲಿಲ್ಲ. ಅದು ಅವಳಿಗೆ ಗೊತ್ತೇ ಇರಲಿಲ್ಲ. ಸೈದಾಬಿ ಅವರ ಬಾಯನ್ನೇ ನೋಡಿದಳು.

"ಮತ್ತ ಎಲ್ಲಾ ಗೊತ್ತಿತ್ತು ನಿಮಗ. ಕೈ ಯಾಕ ಎತ್ತೂದಿಲ್ಲ ಅಂತ ಗೊತ್ತಿತ್ತು."

ಸಿಟ್ಟು ಇಳಿದು, ರಘೋತ್ತಮ ಸರ್ ಮುಖದಲ್ಲಿ ಒಂದು ಪ್ರಾಮಾಣಿಕವಾದ ಗೊಂದಲ ಕಾಣಿಸಿತು.

"ಅದಕ್ಕ ರಿಕಾರ್ಡಿನೊಳಗ ಜಾಗಾ ಎಲ್ಲಿತ್ತು?" ಅಂದರು. "ನಾ ಎಲ್ಲಿ ಬರೀಬೇಕಿತ್ತು ಹೇಳು?"

ಅವರು ನಿಜಕ್ಕೂ ಕೇಳುತ್ತಿದ್ದರು. ಅವಳು ಹೇಳಿದ್ದರೆ ಬಹುಶಃ ಬರೆದುಕೊಳ್ಳುತ್ತಿದ್ದರು. ಅವಳು ಅವರ ಕಂಕುಳ ಸಂದಿಯಲ್ಲಿದ್ದ ತನ್ನ ರಿಕಾರ್ಡನ್ನು ಎಳೆದುಕೊಂಡಳು. ಬೆವರಿಗೆ ರಟ್ಟು ಮೆತ್ತಗಾಗಿತ್ತು. ಅದನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಒಳಗೆ ಇನ್ನೂ ನಗುತ್ತಿದ್ದರು.

ಜೂನ್ ತಿಂಗಳಲ್ಲಿ ಫಲಿತಾಂಶ ಬಂತು. ಮನಶ್ಶಾಸ್ತ್ರದ ರಿಕಾರ್ಡಿನ ಕಾಲಮ್ಮಿನಲ್ಲಿ ಸೈದಾಬಿಯ ಹೆಸರಿನ ಮುಂದೆ 'ಗೈರುಹಾಜರು' ಎಂದಿತ್ತು. ಅದೇ ಹುಡುಗಿಯನ್ನು ನಕಲು ಮಾಡಿದ್ದ ಗುತ್ತೆವ್ವನಿಗೆ ನಲವತ್ತನಾಲ್ಕು ಬಂದಿತ್ತು.